ಅತ್ತೆ ಸೊಂಟದ ಬೆಳ್ಳಿಗೆಜ್ಜೆ

ಏಳು ಸಮುದ್ರ ದಾಟಿದ ಮೇಲೆ ಒಂದು ಊರಂತೆ. ಅಲ್ಲಿ ಮಣ್ಣೂ ಕೆಂಪು, ಬಂಡೆಯೂ ಕೆಂಪು, ಗಾಳಿ ಎದ್ದರೆ ಆಕಾಶವೂ ಕೆಂಪಂತೆ. ಅಲ್ಲಿರೋರು ನವಾಹೊ ಜನ. ಕುರಿ ಸಾಕ್ತಾರೆ, ಬೆಳ್ಳಿ ಕೆಲಸ ಮಾಡ್ತಾರೆ. ಬೆಳ್ಳಿಯೊಳಗೆ ಫಿರೋಜ ಅನ್ನೋ ಆಕಾಶಬಣ್ಣದ ಕಲ್ಲು ಕೂರಿಸಿ ಬಳೆ, ಉಂಗುರ, ಸರ ಮಾಡಿದ್ರೆ ನೋಡೋಕೆ ಎರಡು ಕಣ್ಣು ಸಾಲದಂತೆ.

ಆ ಊರಲ್ಲಿ ತ್ಸೋಸಿ ಅಂತ ಒಬ್ಬ ಬೆಳ್ಳಿ ಕೆಲಸದೋನು. ಹೆಂಡ್ತಿ ಯನಬಾ, ತುಂಬಿದ ಬಸುರಿ. ಅವರಲ್ಲಿ ಮದುವೆಯಾದ ಮೇಲೆ ಗಂಡೇ ಹೆಂಡ್ತಿ ಮನೆ ಕಡೆ ಹೋಗಿ ಇರೋದು. ಅತ್ತೆ ಹಸ್ಬಾ ಪಕ್ಕದ ಗುಡಿಸಲಲ್ಲೇ ಇದ್ಲು. ನಮ್ಮ ಬಾಯಿಗೆ ಸುಲಭವಾಗ್ಲಿ, ಹಸ್ಬಮ್ಮ ಅಂದ್ಕೊಳ್ಳಿ.

ಈಗ ಕೇಳಿ ತಮಾಷೆ. ಅಲ್ಲಿ ಅಳಿಯ ಅತ್ತೆ ಮುಖ ನೋಡೋ ಹಾಗೇ ಇಲ್ಲ! ನೋಡಿದನೋ, ಕಣ್ಣೇ ಹೋಯ್ತು ಅಂತ ನಂಬಿಕೆ. ಮಾತೂ ಇಲ್ಲ. ಅದಕ್ಕೇ ತ್ಸೋಸಿ ಬೆಳ್ಳಿಯಲ್ಲಿ ಮೂರು ಪುಟ್ಟ ಗೆಜ್ಜೆ ಮಾಡಿ, ಹೆಂಡ್ತಿ ಕೈಲಿ ಅತ್ತೆ ಸೊಂಟಕ್ಕೆ ಕಟ್ಟಿಸಿದ್ದ. ಅತ್ತೆ ಬಂದ್ರೆ ಘಲ್ ಘಲ್ ಘಲ್, ಅಳಿಯ ಗೋಡೆ ಕಡೆ ತಿರುಗ್ತಾನೆ. ನಗಬೇಡ್ರೇ! ನನ್ನ ಅಳಿಯ, ಅದೇ ನಿಮ್ಮಪ್ಪನಿಗೆ ಗೊತ್ತಾದ್ರೆ ನನಗೂ ನಾಳೆಯೇ ಮೂರು ಗೆಜ್ಜೆ ತಂದು ಕಟ್ತಾನೆ.

ಹಸ್ಬಮ್ಮನಿಗೋ ಅಳಿಯ ಅಂದ್ರೆ ಅಷ್ಟಕ್ಕಷ್ಟೆ. "ಬೆಳಗಿಂದ ಸಂಜೆ ತನಕ ಟಕ ಟಕ ಟಕ. ಒಂದು ಕುರಿ ಕಾಯೋಕೆ ಬರಲ್ಲ. ಎಂಥ ಗಂಡನ್ನ ಕಟ್ಕೊಂಡ್ಯೇ ತಾಯಿ!" ಅಂತ ಮಗಳ ಹತ್ರ ಗೊಣಗ್ತಿದ್ಲಂತೆ.

ಒಂದು ದಿನ ಅವಳು ತನ್ನ ನಾಯಿ ಜೊತೆ ಕುರಿ ಹೊಡ್ಕೊಂಡು ಹೋದ್ಲು. ಕೆಂಪು ಧೂಳಿನ ಬಿರುಗಾಳಿ ಎದ್ದಿತು. ಗಾಳಿ ನಿಂತ ಮೇಲೆ ಕುರಿ ಬಂದವು, ನಾಯಿ ಬಂತು, ಹಸ್ಬಮ್ಮ ಮಾತ್ರ ಬರಲಿಲ್ಲ.

"ಅಯ್ಯೋ, ಅಮ್ಮ ಎಲ್ಲಿ?" ಅಂತ ಯನಬಾ ಹೊಟ್ಟೆ ಹಿಡ್ಕೊಂಡು ಎದ್ಲು. ನಾಲ್ಕು ಹೆಜ್ಜೆ ಇಡೋಕಾಗಲಿಲ್ಲ.

"ನೀನು ಕೂತ್ಕೋ, ನಾನು ಹೋಗ್ತೀನಿ," ಅಂದ ತ್ಸೋಸಿ.

"ಅಮ್ಮನ್ನ ನೋಡಿಬಿಟ್ರೆ? ಕಣ್ಣು ಹೋದ್ರೆ ನಿನ್ನ ಕೆಲಸದ ಗತಿ ಏನು? ನಮ್ಮ ಗತಿ ಏನು?"

"ಕಣ್ಣಿಗೆ ಬಟ್ಟೆ ಕಟ್ಕೊಂಡೇ ಹೋಗ್ತೀನಿ ಕಣೇ."

ಹೆಗಲ ಮೇಲೆ ಹಗ್ಗ, ಕಣ್ಣಿಗೆ ಬಟ್ಟೆ, ನಾಯಿ ಕೊರಳಿಗೆ ಒಂದು ದಾರ. ಬಿದ್ದ, ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ. ದೂರದಲ್ಲಿ ಘಲ್ ಘಲ್ ಅಂತ ಸದ್ದು ಕೇಳಿ ಜೀವ ಬಂದ ಹಾಗಾಯ್ತಂತೆ. ಕಮರಿ ಅಂಚಿಗೆ ಬಂದು ನಾಯಿ ನಿಂತಿತು. "ಬಂದೆ, ಬಂದೆ!" ಅಂತ ಖುಷೀಲಿ ಎಲ್ಲಾ ಮರೆತು ಕೂಗಿದ. ಕೂಗಿದ್ದೇ ತಡ, ಗೆಜ್ಜೆ ಸದ್ದು ನಿಂತೇ ಹೋಯ್ತು!

ಹಸ್ಬಮ್ಮ ಎರಡಾಳು ಆಳದಲ್ಲಿ ಚಾಚಿಕೊಂಡಿದ್ದ ಒಂದು ಬಂಡೆ ಮೇಲೆ ಕಾಲು ಉಳುಕಿಸಿಕೊಂಡು ಕೂತಿದ್ಲು. ಕೆಳಗೆ ಪ್ರಪಾತ. ಅಳಿಯನ ದನಿ ಕೇಳಿದ್ದೇ ಗೆಜ್ಜೆಗಳನ್ನ ಮುಷ್ಟೀಲಿ ಬಿಗಿಯಾಗಿ ಹಿಡ್ಕೊಂಡ್ಲು. 'ಸದ್ದಾದ್ರೆ ಬಗ್ಗಿ ನೋಡ್ತಾನೆ, ಕಣ್ಣು ಹೋಗುತ್ತೆ. ಹುಟ್ಟೋ ಕೂಸಿಗೆ ದಿಕ್ಕು ಯಾರು? ನಾನು ಮುದುಕಿ, ಹೋದ್ರೆ ಹೋಗ್ತೀನಿ' ಅಂತ ಉಸಿರು ಬಿಗಿಹಿಡಿದು ಕೂತಳಂತೆ. ಅವನು ಬಟ್ಟೆ ಕಟ್ಕೊಂಡು ಬಂದಿರೋದು ಅವಳಿಗೇನು ಗೊತ್ತು ಪಾಪ!

ಮೇಲೆ ತ್ಸೋಸಿ ಕಿವಿಗೊಟ್ಟು ಕೇಳಿದ. ಬಿದ್ದೇ ಹೋದಳಾ? ಕೈ ಬಟ್ಟೆ ಗಂಟಿಗೆ ಹೋಯ್ತು. ಬಿದ್ದ ಸದ್ದೇ ಬರಲಿಲ್ಲವಲ್ಲ ಅಂತ ಯೋಚಿಸಿದ. ಆಗ ಅರ್ಥವಾಯ್ತು. ನನಗೋಸ್ಕರ ಸುಮ್ಮನಾಗಿದ್ದಾಳೆ! ಅತ್ತೆ ಜೊತೆ ಮಾತಾಡೋ ಹಾಗಿಲ್ಲ, ಏನು ಮಾಡ್ತಾನೆ? ನಾಯಿ ಕಡೆ ತಿರುಗಿದ.

"ಏ ನಾಯಿ, ನಿನ್ನ ಯಜಮಾನ್ತಿಗೆ ಹೇಳು. ನಾನು ಕಣ್ಣು ಕಟ್ಕೊಂಡೇ ಬಂದಿದ್ದೀನಿ. ಗೆಜ್ಜೆ ಆಡಿಸದಿದ್ರೆ ಹಗ್ಗ ಎಲ್ಲಿಗೆ ಬಿಡ್ಲಿ? ಇನ್ನೂ ಹಠ ಮಾಡಿದ್ರೆ ಬಟ್ಟೆ ಬಿಚ್ಚಿ ನೋಡೇ ಬಿಡ್ತೀನಿ!"

"ಏ ನಾಯಿ, ಬೇಡ ಅಂತ ಹೇಳೋ ಆ ಹುಚ್ಚನಿಗೆ!" ಅಂತ ಕೆಳಗಿಂದ ಬಂತು. ಘಲ್ ಘಲ್ ಘಲ್!

ಒಂದು ಸಲ ಹಗ್ಗ ಬಿಟ್ಟ, ಎಡಕ್ಕೆ ಹೋಯ್ತು. ಎರಡನೇ ಸಲ ಬಲಕ್ಕೆ ಹೋಯ್ತು. ಮೂರನೇ ಸಲ ಅವಳ ಕೈಗೆ ಸಿಕ್ತು. ಅಂಗೈ ಚರ್ಮ ಸುಲಿದರೂ ಬಿಡದೆ ಎಳೆದು ಮೇಲೆ ತಂದ. ತಂದವನೇ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತ.

"ಏ ನಾಯಿ, ಬೆನ್ನು ಹತ್ತು ಅಂತ ಹೇಳು."

ಹತ್ತಿದ್ಲು. ಹತ್ತು ಹೆಜ್ಜೆ ಹೋಗೋದ್ರೊಳಗೆ ಹಿಂದಿನಿಂದ ಅವಳ ಮುದಿ ಬೆರಳು ಬಟ್ಟೆ ಗಂಟು ಬಿಚ್ಚಿದವು.

"ಬೆನ್ನ ಮೇಲಿರೋಳು ಕಣ್ಣಿಗೆ ಕಾಣ್ತಾಳೇನೋ ನಾಯಿ? ದಾರಿ ನೋಡ್ಕೊಂಡು ನಡಿ ಅಂತ ಹೇಳು."

ತ್ಸೋಸಿ ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ದಾರಿಯುದ್ದಕ್ಕೂ ಇಬ್ಬರೂ ನಾಯಿ ಜೊತೆ ಮಾತಾಡಿದ್ದೇ ಮಾತಾಡಿದ್ದು.

ಬಾಗಿಲಲ್ಲಿ ಯನಬಾ ಅಳ್ತಾ ನಗ್ತಾ ಅಮ್ಮನ್ನ ಇಳಿಸ್ಕೊಂಡ್ಲು. ತ್ಸೋಸಿ ಆಚೆ ಮುಖ ಮಾಡಿ ನಿಂತ. ಹಸ್ಬಮ್ಮ ಕಿವಿಯ ಫಿರೋಜ ಕಲ್ಲು ಬಿಚ್ಚಿ, ಹಿಂದಿನಿಂದ ಕೈ ಚಾಚಿ, ಅವನ ಸುಲಿದ ಅಂಗೈಯಲ್ಲಿ ಇಟ್ಲು.

"ಏ ನಾಯಿ, ಈ ಕಲ್ಲು ನಮ್ಮಮ್ಮಂದು. ಗಂಡುಮಗ ಹುಟ್ಟಿದ್ರೆ ಕೊಡು ಅಂದಿದ್ಲು. ನನ್ನ ಹೊಟ್ಟೇಲಿ ಹುಟ್ಟಲಿಲ್ಲ." ಅವನ ಬೆರಳು ಮಡಚಿ ಕಲ್ಲು ಮುಚ್ಚಿದ್ಲು. "ಇವತ್ತು ಮಗ ಸಿಕ್ಕಿದ ಅಂತ ಹೇಳು."

ನಾಯಿ ಬಾಲ ಅಲ್ಲಾಡಿಸ್ತು ಅಷ್ಟೆ.

"ನೀನೇನೂ ಹೇಳೋದು ಬೇಡ ನಾಯಿ, ನನಗೆ ಕೇಳಿಸ್ತು," ಅಂತ ತ್ಸೋಸಿ ಕಣ್ಣೊರೆಸ್ಕೊಂಡ.

ಅವರು ಅಲ್ಲಿ ಬೆನ್ನಿಗೆ ಬೆನ್ನು ಮಾಡ್ಕೊಂಡು ಸುಖವಾಗಿದ್ರು, ನಾವು ಇಲ್ಲಿ ಮುಖ ಮುಖ ನೋಡ್ಕೊಂಡು ಕೂತಿದ್ದೀವಿ. ಏಳ್ರೇ, ಕೈ ತೊಳ್ಕೊಂಡು ಬನ್ನಿ, ಊಟ ಮಾಡೋಣ.