ಹೆಂಚಿನ ಮಾಡಿನ ಮಸೀದಿ

ಹಸೀಬ ಹೆಬ್ಬಾಗಿಲ ಮುಂದೆಯೇ ಅತ್ತಿಂದಿತ್ತ ಸುತ್ತುತ್ತ ಗುಮ್ಮಟ ಹುಡುಕುತ್ತಿದ್ದ.

"ಹುಡುಕಿದ್ದು ಸಾಕು, ಮಸೀದಿಯ ಬಾಗಿಲು ಇಲ್ಲೇ ಇದೆ," ಎಂದರು ಅವನ ಗುರು ಯಾಹ್ಯಾ ಉಸ್ತಾದರು.

ಹಸೀಬ ತಲೆಯೆತ್ತಿ ನೋಡಿದ. ಗುಮ್ಮಟವಿಲ್ಲ, ಮಿನಾರವಿಲ್ಲ. ಮೂಲೆಗಳಲ್ಲಿ ಮೇಲಕ್ಕೆ ಬಾಗಿದ ಹೆಂಚಿನ ಮಾಡು, ಕೆಂಪು ಮರದ ಕಂಬಗಳು, ಅಂಗಳದ ನಡುವೆ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಗೋಪುರ. ಚೀನಾ ದೇಶಕ್ಕೆ ಕಾಲಿಟ್ಟ ದಿನದಿಂದ ದಾರಿಯುದ್ದಕ್ಕೂ ಕಂಡ ಬುದ್ಧನ ಗುಡಿಗಳೂ ಹೀಗೆಯೇ ಇದ್ದವು.

ಅವನೇನು ಊರು ನೋಡಲು ಬಂದವನಲ್ಲ. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಅವಳ ತಂದೆ ವ್ಯಾಪಾರಕ್ಕೆಂದು ಇಲ್ಲಿಗೆ ಬಂದು ಇಲ್ಲೇ ಮಣ್ಣಾದವನು. ಅಪ್ಪ ಹಣೆ ಊರಿದ ಮಸೀದಿಯಲ್ಲಿ ನನಗಾಗಿ ಒಮ್ಮೆ ಬೇಡಿಕೊಂಡು ಬಾ ಎಂದು ಅವಳು ಮಗನ ಕೈ ಹಿಡಿದು ಕೇಳಿದ್ದಳು. ಈಗ ಅವಳು ಇದ್ದಾಳೋ ಇಲ್ಲವೋ, ಅದೂ ತಿಳಿಯದು.

ಮಸೀದಿಯ ಮುದುಕನೊಬ್ಬ ಗಿಂಡಿಯಲ್ಲಿ ಬೆಚ್ಚಗಿನ ನೀರು ತಂದು ಅವನ ಕೈಗೆ ಸುರಿದ. ಹಸೀಬ ಮುಖ, ಕೈ, ಕಾಲು ತೊಳೆದುಕೊಂಡು ಹೊಸ್ತಿಲ ಬಳಿ ಬಂದು ಮತ್ತೆ ನಿಂತ. ಮಾಡಿನ ತುದಿಯಲ್ಲಿ ಡ್ರ್ಯಾಗನ್ ಒಂದು ಬಾಯಿ ತೆರೆದು ಕೂತಿತ್ತು. ಇಡೀ ಕುರಾನನ್ನು ಬಾಯಿಪಾಠ ಮಾಡಿದವನಿಗೆ ಒಂದು ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ.

ಬಿಸಿಲು ಆಗಲೇ ಗೋಪುರದ ತುದಿಗೇರಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಸಮಯ ಮುಗಿಯುತ್ತ ಬಂದಿತ್ತು.

"ಉಸ್ತಾದ್, ಇದು ನಮ್ಮದಲ್ಲದ ಜಾಗವಾಗಿದ್ದರೆ? ನಾನು ಬೇಡುವ ದುವಾ ದಾರಿ ತಪ್ಪಿದರೆ ನನ್ನ ತಾಯಿಯ ಗತಿ ಏನು?"

ಉಸ್ತಾದರು ಚಪ್ಪಲಿ ಕಳಚುತ್ತ ಕೇಳಿದರು: "ಬರುವಾಗ ನಮ್ಮ ಹಡಗಿಗೆ ಬಿರುಗಾಳಿ ಬಡಿದಾಗ ಏನೆಂದು ಕೂಗಿಕೊಂಡೆ?"

ಹಸೀಬನಿಗೆ ನಾಚಿಕೆಯಾಯಿತು. ಆ ಗಳಿಗೆಯಲ್ಲಿ ಅವನಿಗೆ ಒಂದೇ ಒಂದು ಅರಬ್ಬಿ ಮಾತೂ ನೆನಪಾಗಿರಲಿಲ್ಲ.

"ಕಾಪಾಡಪ್ಪಾ ಎಂದೆ. ಅಮ್ಮ ಕಲಿಸಿದ ಮಾತಿನಲ್ಲೇ."

"ಮೇಲಿರುವವನಿಗೆ ತಿಳಿಯಿತೇ?"

"ತಿಳಿದಿರಬೇಕು. ದಡ ಸೇರಿದೆವಲ್ಲ."

ಉಸ್ತಾದರು ಕೆಂಪು ಕಂಬವನ್ನು ಒಮ್ಮೆ ಸವರಿ ಹೊಸ್ತಿಲು ದಾಟಿದರು.

"ಇದನ್ನು ಕಟ್ಟಿದ ಬಡಗಿ ಕೂಗಿದ್ದೂ ತನ್ನ ಅಮ್ಮನ ಮಾತಿನಲ್ಲೇ. ಒಳಗೆ ಬಾ ಮಗಾ, ನಿನ್ನ ತಾಯಿ ಕಾಯುತ್ತಿದ್ದಾಳೆ."