ಹಾವಿಲ್ಲದ ಹೊಂಡದ ಕಪ್ಪೆಗಳು

ರಸ್ತೆಯ ಎಡಕ್ಕೊಂದು ಹೊಂಡ, ಬಲಕ್ಕೊಂದು ಹೊಂಡ. ಯಾರೋ ಇಟ್ಟಿಗೆ ಸುಡುವವರು ಮಣ್ಣು ತೆಗೆದು ತೆಗೆದು ಆದ ಗುಂಡಿಗಳವು. ಮಳೆನೀರು ತುಂಬಿ, ಪಾಚಿ ಕಟ್ಟಿ, ಈಗ ಕಪ್ಪೆಗಳ ಊರಾಗಿದ್ದವು. ನಡುವೆ ರಸ್ತೆಯ ಅಂಚಿಗೆ ಒಂದು ದೀಪದ ಕಂಬ, ಅದರ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಮಕ್ಕಳೇ, ಆ ಕಲ್ಲನ್ನು ನೆನಪಿಟ್ಟುಕೊಳ್ಳಿ. ಸಂಜೆ ದೀಪ ಹತ್ತಿತೋ, ಹುಳುಗಳು ಅದರ ಮೇಲೆ ಮದುವೆಮನೆಯ ಬೂಂದಿಯಂತೆ ಉದುರುತ್ತಿದ್ದವು. ಬಾಯಿ ತೆರೆದು ಕೂತರಾಯಿತು, ಊಟ ತಾನಾಗಿಯೇ ಒಳಗೆ!

ಆ ಕಲ್ಲು ಯಾರಿಗೆ ಎಂಬುದಕ್ಕೆ ಒಂದು ಕಟ್ಟಳೆಯಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಎರಡೂ ಹೊಂಡದವರು ವಟಗುಟ್ಟಬೇಕು. ಮೊದಲು ಸುಮ್ಮನಾದವರು ಸೋತರು. ಗೆದ್ದವರಿಗೆ ವರ್ಷವಿಡೀ ಕಲ್ಲು.

ಎಡಹೊಂಡದ ಯಜಮಾನ ಗಂಟಲಪ್ಪ. ಹೆಸರು ದೊಡ್ಡದು, ಗೆದ್ದದ್ದು ಮಾತ್ರ ಒಮ್ಮೆಯೂ ಇಲ್ಲ. ಆ ವರ್ಷವೂ ಸೋತು ಬಂದು ಹೆಂಡತಿಯ ಮುಂದೆ ಗೊಣಗಿದ:

"ಲೇ ಜಲಜಾ, ನಮ್ಮಲ್ಲಿ ಜನ ಕಡಿಮೆ. ಅದಕ್ಕೇ ಸೋಲು."

"ಜನ ಕಡಿಮೆಯಲ್ಲ ರೀ, ನಿಮಗೆ ದಮ್ಮು ಕಡಿಮೆ."

"ಅದಲ್ಲ! ಹುಟ್ಟಿದ್ದನ್ನೆಲ್ಲ ನಮ್ಮ ಹೊಂಡದ ಆ ನೀರುಹಾವು ನುಂಗಿದರೆ ಕೂಗೋಕೆ ಯಾರು ಉಳೀತಾರೆ? ಅವಳನ್ನು ಓಡಿಸ್ತೀನಿ ನೋಡು."

ಹಾವು ಹೊಟ್ಟೆ ತುಂಬಿಸಿಕೊಂಡು ಬಿಸಿಲಿಗೆ ಮೈಚಾಚಿದ್ದ ಹೊತ್ತು ನೋಡಿ, ಗಂಟಲಪ್ಪ ದೂರದಿಂದಲೇ ಕೂಗಿದ:

"ನೀರಕ್ಕಾ! ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ನಮ್ಮ ಬೇಲಿಗೆ ಮುಂಗುಸಿ ಸಂಸಾರ ಬಂದಿದೆ. ಗಂಡ, ಹೆಂಡತಿ, ಅತ್ತೆ, ನಾದಿನಿ…"

"ನಾದಿನಿಯೂ ಇದ್ದಾಳಾ?" ಎಂದು ಹಾವು ತಲೆಯೆತ್ತಿತು. ಕತ್ತಲಾಗುವ ಮೊದಲೇ ಸರಸರ ರಸ್ತೆ ದಾಟಿ ಬಲಹೊಂಡ ಸೇರಿತು.

ಗಂಟಲಪ್ಪನ ಹಿಗ್ಗು ಹೇಳತೀರದು. ಹಾವೂ ಹೋಯಿತು, ಹೋಗಿ ಎದುರಾಳಿಗೇ ಗಂಟುಬಿತ್ತು!

ಇನ್ನು ಕಪ್ಪೆ ಮೊಟ್ಟೆ ಇಡುವುದು ಕೋಳಿಯ ಹಾಗೆ ಒಂದೊಂದಲ್ಲ ಮಕ್ಕಳೇ, ಸಬ್ಬಕ್ಕಿ ಪಾಯಸ ಚೆಲ್ಲಿದ ಹಾಗೆ! ಹಿಂದೆ ಅದರಲ್ಲಿ ನಾಲ್ಕಾರು ಉಳಿದರೆ ಹೆಚ್ಚು. ಈಗ ಕೇಳುವವರಿಲ್ಲ. ಹುಟ್ಟಿದ್ದೆಲ್ಲ ಬಾಲ ಬಿಟ್ಟು ಕಾಲು ಪಡೆಯಿತು. ಕಾಲು ಬಂದ ಅವಕ್ಕೂ ಮಕ್ಕಳಾದವು. ಗಂಟಲಪ್ಪ ದಡದಲ್ಲಿ ಕೂತು ತಲೆಗಳನ್ನು ನೋಡಿ ನೋಡಿ ಉಬ್ಬಿದ. ಎಣಿಸಲು ಹೊರಟರೆ, ಎಣಿಸಿದ ತಲೆಗಳೇ ಹಾರಿ ಮುಂದೆ ಬಂದು ಕೂರುತ್ತಿದ್ದವು.

"ಮಾವಾ, ಕೂರಲು ಜಾಗವಿಲ್ಲ," ಎಂದಿತು ಒಂದು.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಪ್ಪಾ. ಪಕ್ಕದವನ ಬೆನ್ನು ಖಾಲಿ ಇದೆಯಲ್ಲ."

"ದೊಡ್ಡಪ್ಪಾ, ಒಂದು ಸೊಳ್ಳೆಗೆ ಏಳು ನಾಲಗೆ! ಸೊಳ್ಳೆ ಹಾರಿಹೋಯ್ತು, ನಾಲಗೆಗಳು ಗಂಟುಬಿದ್ದಿವೆ."

"ಅಡ್ಜಸ್ಟ್ ಮಾಡ್ಕೊಳ್ಳಿ, ಅಡ್ಜಸ್ಟ್ ಮಾಡ್ಕೊಳ್ಳಿ. ಪಂದ್ಯ ಗೆದ್ದರೆ ಕಲ್ಲು ನಮ್ಮದೇ!"

ಪಾಚಿ ಮುಗಿಯಿತು. ಗೊದಮೊಟ್ಟೆಗಳು ಒಂದರ ಬಾಲವನ್ನೊಂದು ಕಡಿಯತೊಡಗಿದವು. ಜಲಜಮ್ಮ ಹೇಳಿದಳು, "ರೀ, ನೀವು ಬಾಯಿಗಳನ್ನು ಕೂಗೋಕೆ ಅಂತ ಎಣಿಸ್ತಿದ್ದೀರಿ. ಅವು ಉಣ್ಣೋಕೂ ಇರೋದು."

"ಹೆಂಗಸರಿಗೆ ಪಂದ್ಯದ ಮರ್ಮ ತಿಳಿಯೋದಿಲ್ಲ," ಎಂದ ಗಂಟಲಪ್ಪ. ಆದರೆ ಅವನ ಹೊಟ್ಟೆಯೂ ಬೆನ್ನಿಗಂಟಿತ್ತು.

ಮತ್ತೆ ಮುಂಗಾರಿನ ಮೊದಲ ಮಳೆ ಬಿತ್ತು. ಎಡಹೊಂಡದಲ್ಲಿ ನೀರೇ ಕಾಣದಷ್ಟು ಕಪ್ಪೆ. ಯಜಮಾನ ಮೊದಲ ಕೂಗು ಹಾಕಬೇಕು, ಉಳಿದವರು ಹಿಮ್ಮೇಳ ಹಿಡಿಯಬೇಕು, ಅದು ಪದ್ಧತಿ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಗಂಟಲಪ್ಪ ಎದೆಯುಬ್ಬಿಸಿದ, ಬಾಯಿ ತೆರೆದ. ಅಷ್ಟರಲ್ಲಿ ಕಣ್ಣೆದುರು ಏನೋ ಪುಟ್ಟದು ಮಿಸುಕಿತು. ಹಸಿದ ನಾಲಗೆ ಯಜಮಾನನ ಅಪ್ಪಣೆ ಕೇಳುತ್ತದೆಯೇ? ಚಟ್ಟನೆ ಚಿಮ್ಮಿ ಅದನ್ನು ಒಳಗೆಳೆಯಿತು.

ಬಾಯೊಳಗಿಂದ ಸಣ್ಣ ದನಿ: "ತಾತಾ! ನಾನು… ನಿಮ್ಮ ಮೊಮ್ಮಗ!"

ಗಂಟಲಪ್ಪ ಕಲ್ಲಾದ. ನುಂಗುವಂತಿಲ್ಲ, ಕೂಗುವಂತಿಲ್ಲ. ಯಜಮಾನನೇ ಸುಮ್ಮನಿರುವಾಗ ಉಳಿದವರು ಕೂಗುವುದುಂಟೇ? ಇಡೀ ಹೊಂಡವೇ ಗಪ್‌ಚುಪ್! ಬಲಹೊಂಡದಲ್ಲಿ ಮಾತ್ರ ಬೆರಳೆಣಿಕೆಯಷ್ಟೇ ಕಪ್ಪೆಗಳು, ಆದರೆ ಉಂಡ ಹೊಟ್ಟೆಯ ಕಪ್ಪೆಗಳು, ತಮಟೆ ಬಡಿದಂತೆ ಕೂಗಿ ಗೆದ್ದವು.

ಗಂಟಲಪ್ಪ ಮೊಮ್ಮಗನನ್ನು ಮೆಲ್ಲಗೆ ಉಗುಳಿ, ಮೈ ಸವರಿದ. ಆಮೇಲೆ ಯಾರಿಗೂ ಹೇಳದೆ ರಸ್ತೆ ದಾಟಿದ.

"ನೀರಕ್ಕಾ, ಮುಂಗುಸಿ ಬಂದಿರಲಿಲ್ಲ. ಸುಳ್ಳು ಹೇಳಿದ್ದೆ. ವಾಪಸು ಬನ್ನಿ."

"ನಾದಿನಿ ಅಂದಾಗಲೇ ಅನುಮಾನ ಬಂದಿತ್ತು ಕಣೋ," ಎಂದು ಹಾವು ಆಕಳಿಸಿತು. "ಬಂದು ಏನು ತಿನ್ನಲಿ? ನಿಮ್ಮವರೆಲ್ಲ ಬರೀ ತೊಗಲು. ಅಲ್ಲದೆ ನಿನ್ನ ಹೊಂಡಕ್ಕೆ ಹಾವು ಯಾಕೆ? ನನ್ನ ಕೆಲಸವನ್ನು ನೀನೇ ಶುರು ಮಾಡಿದ್ದೀಯಂತಲ್ಲ!"

ಗಂಟಲಪ್ಪ ತಲೆ ತಗ್ಗಿಸಿ ಮರಳಿದ. ಅಂದು ಅವನ ಬಾಯಿಂದ ಅಡ್ಜಸ್ಟ್ ಎಂಬ ಮಾತು ಬರಲಿಲ್ಲ. "ಕಾಲಲ್ಲಿ ಕಸುವಿರೋರು ಗದ್ದೆ, ಕಾಲುವೆ ನೋಡ್ಕೊಳ್ಳಿ ಮಕ್ಕಳೇ. ನಮ್ಮೆಲ್ಲರನ್ನೂ ಸಾಕೋದು ಈ ಹೊಂಡಕ್ಕೆ ಆಗೋದಿಲ್ಲ," ಎಂದ. ಹಲವರು ಹೋದರು. ಹೋಗಲಾರದವರಲ್ಲಿ ಎಷ್ಟೋ ಮಂದಿ ಉಳಿಯಲಿಲ್ಲ. ಕೊನೆಗೆ ಹೊಂಡದ ಸೊಳ್ಳೆಗೆ ತಕ್ಕಷ್ಟು ಕಪ್ಪೆಗಳು ನಿಂತವು. ಪಾಚಿ ಮತ್ತೆ ಚಿಗುರಿತು, ಕೆನ್ನೆಗಳು ತುಂಬಿದವು.

ಒಂದು ಸಂಜೆ ದಡದ ಹುಲ್ಲು ಸರಸರ ಅಂದಿತು. ಗಂಟಲಪ್ಪ ಮೊಮ್ಮಗನನ್ನು ಎಳೆದುಕೊಂಡು ತಾವರೆ ಎಲೆಯಡಿ ಅಡಗಿದ.

ಪಕ್ಕದೆಲೆಯಡಿಯಿಂದ ಜಲಜಮ್ಮ ಪಿಸುಗುಟ್ಟಿದಳು: "ರೀ, ನಿಮ್ಮ ಅಕ್ಕ ಬಂದ್ರು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ನೀತಿ: ತಲೆಗಳನ್ನು ಎಣಿಸಿ ಬೀಗುವ ಮೊದಲು ತುತ್ತುಗಳನ್ನು ಎಣಿಸಬೇಕು, ಹೊಂಡದ ಅಳತೆಯನ್ನು ನಾವು ಮರೆತರೂ ಹೊಂಡ ಮರೆಯುವುದಿಲ್ಲ.