ಮರಿಯಪ್ಪನ ಬಿಕ್ಕಳಿಕೆ

"ಗುರುಗಳೇ, ನನ್ನ ಜಾಗದಲ್ಲಿ ಬೇರೊಬ್ಬ ಕೂತ. ಯಾರಿಗೂ ಏನೂ ಅನ್ನಿಸಲಿಲ್ಲ. ಹಾಗಾದರೆ ಇಷ್ಟು ವರ್ಷ ಅಲ್ಲಿ ಕೂತಿದ್ದ ನಾನು ಯಾರು?" ಎಂದು ಶಿಷ್ಯ ಪಂಪಣ್ಣ ಕೇಳಿದ.

ಪಂಪಣ್ಣ ಮಠದಲ್ಲಿ ಪ್ರತಿ ಸಂಜೆ ಪುರಾಣ ಓದುತ್ತಿದ್ದವನು. ಈಚೆಗೆ ಗಂಟಲು ಕೆಟ್ಟು ಅವನ ದನಿ ಒಡೆದಿತ್ತು. ಗುರುಗಳು ಆ ಕೆಲಸವನ್ನು ಹೊಸದಾಗಿ ಬಂದ ಇನ್ನೊಬ್ಬ ಶಿಷ್ಯನಿಗೆ ಒಪ್ಪಿಸಿದ್ದರು. ಹಿಂದಿನ ಸಂಜೆ ಹೊಸಬನ ಮೊದಲ ಓದು ನಡೆದಿತ್ತು. ಪಂಪಣ್ಣ ಜನರ ನಡುವೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದ್ದ. ಪಂಪಣ್ಣ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಬ್ಬ ನಟನಿದ್ದ. ಹೆಸರು ಕೊಟ್ರೇಶ. ಅವನು ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಆಮೇಲೆ ತಾಯಿ ಹಾಲಮ್ಮ ನಗುವುದನ್ನೇ ಬಿಟ್ಟಳು. ಹುಡುಗ ಅವಳ ಮುಂದೆ ಪಕ್ಕದ ಮನೆಯವರ ನಡಿಗೆ ಮಾಡಿ ತೋರಿಸುತ್ತಿದ್ದ, ಅಂಚೆಯವನ ಕೆಮ್ಮು ಕೆಮ್ಮುತ್ತಿದ್ದ, ಶಾಲೆಯ ಮೇಷ್ಟರು ಮೂಗು ಒರೆಸಿಕೊಳ್ಳುವ ರೀತಿ ಮಾಡುತ್ತಿದ್ದ. ಒಂದು ದಿನ ಅವಳು ನಕ್ಕಳು. ಅವನು ನಟನಾದದ್ದು ಹೀಗೆ. ದೊಡ್ಡವನಾದ ಮೇಲೆ ನಾಟಕದ ಕಂಪನಿ ಸೇರಿದ. ರಾಜನ ವೇಷಕ್ಕೆ ಆಸೆಪಟ್ಟ. ಅವನಿಗೆ ಯಾವಾಗಲೂ ದೂತನ ವೇಷ ಸಿಗುತ್ತಿತ್ತು. ಕಂಪನಿ ಮುಚ್ಚಿತು. ತಾಯಿಯನ್ನು ಕರೆದುಕೊಂಡು ನಗರಕ್ಕೆ ಬಂದ. ಮದುವೆ ಎಂಬುದು ಇವತ್ತು ನಾಳೆ ಎನ್ನುತ್ತ ಆಗದೆಯೇ ಹೋಯಿತು.

ನಗರದಲ್ಲಿ ಅವನಿಗೆ ಟೀವಿಯ ಒಂದು ಹಾಸ್ಯ ಧಾರಾವಾಹಿಯಲ್ಲಿ ಕೆಲಸ ಸಿಕ್ಕಿತು. ಕತೆ ನಡೆಯುವುದು ಒಂದು ಕಲ್ಯಾಣ ಮಂಟಪದಲ್ಲಿ. ಪ್ರತಿ ಭಾನುವಾರ ಒಂದು ಮದುವೆ, ಪ್ರತಿ ಮದುವೆಯಲ್ಲೂ ಒಂದು ಎಡವಟ್ಟು. ಒಂದು ವಾರ ಎರಡು ದಿಬ್ಬಣಗಳು ಒಂದೇ ಮಂಟಪಕ್ಕೆ ಬಂದವು. ಇನ್ನೊಂದು ವಾರ ವರನನ್ನು ಅಡುಗೆಯವನೆಂದು ತಿಳಿದು ಅವನ ಕೈಗೆ ಸೌಟು ಕೊಟ್ಟರು. ಮಂಟಪದ ಮ್ಯಾನೇಜರ್ ಮರಿಯಪ್ಪನ ಪಾತ್ರ ಕೊಟ್ರೇಶನದು. ಚೌಕಳಿ ಕೋಟು ತೊಟ್ಟ ಮರಿಯಪ್ಪ, ಎಲ್ಲವೂ ಕೆಟ್ಟು ನಿಂತಾಗ, ಒಮ್ಮೆ ಮೇಲೆ ಛಾವಣಿಯನ್ನು ನೋಡುತ್ತಿದ್ದ. ಆಮೇಲೆ ಕೈ ಜೋಡಿಸಿ ಹೇಳುತ್ತಿದ್ದ: "ಆಗಿದ್ದಾಯ್ತು, ಊಟ ಮಾಡಿ."

ಇಷ್ಟೇ ಮಾತು. ನಾಡೆಲ್ಲ ನಕ್ಕಿತು. ಮದುವೆ ಮನೆಗಳಲ್ಲಿ ಜನ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಂಡರು. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲದಾಗ ಅದನ್ನೇ ಹೇಳಿದ. ಕೊಟ್ರೇಶ ಎಂಬ ಹೆಸರು ಮನೆಯಲ್ಲಿ ತಾಯಿಯ ಬಾಯಲ್ಲಿ ಮಾತ್ರ ಉಳಿಯಿತು. ಹೊರಗೆ ಎಲ್ಲರಿಗೂ ಅವನು ಮರಿಯಪ್ಪ.

ಹೀಗೆ ವರ್ಷಗಳು ಕಳೆದವು. ಅವನಿಗೆ ಒಂದು ಆಸೆ ಹುಟ್ಟಿತು. ಒಂದು ವಾರ, ಒಂದೇ ಒಂದು ವಾರ, ಮರಿಯಪ್ಪ ಅಳಬೇಕು. ಊರಿನವರ ಮದುವೆಗಳನ್ನೆಲ್ಲ ಮಾಡಿಸಿದವನು ಖಾಲಿ ಮಂಟಪದಲ್ಲಿ ಒಬ್ಬನೇ ಕೂತು ಅಳಬೇಕು. ನಿರ್ದೇಶಕನಿಗೆ ಹೇಳಿದ. ನಿರ್ದೇಶಕ ಬೇಡವೆಂದ. ಮತ್ತೆ ಹೇಳಿದ. ನಿರ್ದೇಶಕ ನಕ್ಕುಬಿಟ್ಟ.

"ನಾನಿಲ್ಲದೆ ನಿಮಗೆ ಮರಿಯಪ್ಪ ಎಲ್ಲಿಂದ ಬರುತ್ತಾನೆ, ನೋಡುತ್ತೇನೆ" ಎಂದು ಕೊಟ್ರೇಶ ಸೆಟ್ಟಿನಿಂದ ಎದ್ದು ಮನೆಗೆ ಬಂದ.

ಕರೆಯಲು ಬರುತ್ತಾರೆ ಎಂದು ಕಾದ. ಯಾರೂ ಬರಲಿಲ್ಲ. ಭಾನುವಾರ ಸಂಜೆ ಟೀವಿಯಲ್ಲಿ ಅದೇ ಚೌಕಳಿ ಕೋಟು ಕಾಣಿಸಿತು. ಒಳಗೆ ಬೇರೊಬ್ಬನಿದ್ದ. ಅವನ ಹೆಸರು ಧರಣೇಂದ್ರ. ಊರೂರಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದವನು. ಮೇಕಪ್ಪಿನಲ್ಲಿ ಕೊಟ್ರೇಶನ ಹಾಗೇ ಕಾಣುತ್ತಿದ್ದ, ಅವನ ದನಿಯನ್ನು ಇದ್ದ ಹಾಗೇ ತೆಗೆಯುತ್ತಿದ್ದ. ಛಾವಣಿ ನೋಡಿದ. ಕೈ ಜೋಡಿಸಿದ. ಆ ಮಾತು ಬರುವ ಮೊದಲೇ ಕೊಟ್ರೇಶ ಎದ್ದು ಹೊರಗೆ ಹೋದ. ಆಮೇಲೆ ಬಹಳ ದಿನ ಆ ಧಾರಾವಾಹಿಯನ್ನು ಅವನು ನೋಡಲಿಲ್ಲ.

ಜನ ಗಲಾಟೆ ಮಾಡುತ್ತಾರೆ ಎಂದುಕೊಂಡಿದ್ದ. ಮೊದಲ ವಾರ ಕೆಲವರು ಬೇಸರಪಟ್ಟರು. ಮುಂದಿನ ವಾರ ಅವರೂ ನಕ್ಕರು. ಒಂದು ದಿನ ಕ್ಷೌರದ ಅಂಗಡಿಯವನು ಅವನ ಗಲ್ಲಕ್ಕೆ ನೊರೆ ಹಚ್ಚುತ್ತ, "ಈಚೆಗೆ ಇನ್ನೂ ಚೆನ್ನಾಗಿ ಮಾಡ್ತಿದ್ದೀರಿ ಸಾರ್" ಎಂದ. ಕೊಟ್ರೇಶ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ.

ತಾಯಿಗೂ ಅವನು ಹೇಳಿರಲಿಲ್ಲ. ಹಾಲಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಟೀವಿಯಲ್ಲಿ ಕೋಟಿನ ಚೌಕಳಿ ಮಸುಕಾಗಿ ಅಲುಗುವುದು ಕಾಣುತ್ತಿತ್ತು, ದನಿ ಕೇಳಿಸುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ಟೀವಿಯಲ್ಲಿ ಬರುವುದನ್ನು ಮೊದಲೇ ತೆಗೆದಿರುತ್ತಾರೆ ಎಂದು ಅವನೇ ಎಂದೋ ಹೇಳಿದ್ದ. ಹಾಗಾಗಿ ಮಗ ಮನೆಯಲ್ಲೂ ಇದ್ದಾನೆ, ಟೀವಿಯಲ್ಲೂ ಇದ್ದಾನೆ ಎಂಬುದು ಅವಳಿಗೆ ವಿಚಿತ್ರವೆನ್ನಿಸಲಿಲ್ಲ. ಮೊದಲು ಅವನು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದ. ಒಂದು ಭಾನುವಾರ ಹೊರಗಿನಿಂದ ಬಂದಾಗ ಅವಳು, "ಇವತ್ತು ಭಾಳ ಚಲೋ ಮಾಡೀಯಪ್ಪ" ಎಂದಳು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಬೆಳಿಗ್ಗೆ ಶೂಟಿಂಗಿಗೆ ಹೋಗುವವನಂತೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ. ಕೆಲಸ ಕೇಳಿಕೊಂಡು ಅಲ್ಲಿ ಇಲ್ಲಿ ಅಲೆಯುತ್ತಿದ್ದ. ಎಲ್ಲ ಕಡೆಯೂ ಒಂದೇ ಮಾತು ಹೇಳಿದರು: ನಿಮ್ಮನ್ನು ನೋಡಿದರೆ ಜನಕ್ಕೆ ಮರಿಯಪ್ಪನೇ ಕಾಣುತ್ತಾನೆ. ಮಧ್ಯಾಹ್ನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದ.

ಆ ವರ್ಷವೇ ಹಾಲಮ್ಮ ಹಾಸಿಗೆ ಹಿಡಿದಳು. ಮೂತ್ರಪಿಂಡ ಎರಡೂ ಸೋತಿವೆ, ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದರು. ಅವನು ಅಲೆಯುವುದನ್ನು ಬಿಟ್ಟು ಅವಳ ಪಕ್ಕದಲ್ಲಿ ಕೂತ; ಭಾನುವಾರ ಧಾರಾವಾಹಿಯ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ. ಅವಳು ಊಟ ಬಿಟ್ಟಳು, ಮಾತು ಕಡಿಮೆ ಮಾಡಿದಳು. ಒಂದು ದಿನ ಮಧ್ಯಾಹ್ನ ತಾನಾಗಿ ಕೇಳಿದಳು.

"ಕೊಟ್ರೇಶಿ, ಮರಿಯಪ್ಪಂದು ಒಂದೀಟು ಮಾಡಪ್ಪ."

ಅವನು ಎದ್ದು ನಿಂತ. ಛಾವಣಿ ನೋಡಿದ. ಕೈ ಜೋಡಿಸಿದ. ಇಷ್ಟು ವರ್ಷ ನಾಡನ್ನೆಲ್ಲ ನಗಿಸಿದ ಆ ಮಾತನ್ನು ತಾಯಿಯೊಬ್ಬಳಿಗಾಗಿ ಹೇಳಿದ.

ಹಾಲಮ್ಮ ಕಾದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಬಿಕ್ಕಳಿಕೆ ಎಲ್ಲಿ? ಟೀವ್ಯಾಗ ಮಾತಿನ ನಡುವ ಬಿಕ್ಕಳಿಸ್ತೀಯಲ್ಲ, ಹಂಗ ಮಾಡು."

ಅವನಿಗೆ ಬಿಕ್ಕಳಿಕೆ ಯಾವುದೆಂದು ತಿಳಿಯಲಿಲ್ಲ. ಸುಮ್ಮನೆ ಏನೋ ಒಂದು ಮಾಡಿದ.

"ಇದು ನಿನ್ನಂಗಿಲ್ಲ ಬಿಡು" ಎಂದು ತಾಯಿ ಮುಖ ತಿರುಗಿಸಿ ಮಲಗಿದಳು.

ಕೊಟ್ರೇಶ ಅಡುಗೆಮನೆಗೆ ಹೋಗಿ ನಿಂತ. ನಲ್ಲಿ ತಿರುಗಿಸಿ ನೀರು ಬಿಟ್ಟ. ನೀರಿನ ಸದ್ದಿನಲ್ಲಿ ಅತ್ತ.

ಭಾನುವಾರ ಬಂತು. ಅವನು ಹೊರಗೆ ಹೋಗಲಿಲ್ಲ. ತಾಯಿಯ ಪಕ್ಕ ಕೂತು ಧಾರಾವಾಹಿ ನೋಡಿದ. ಧರಣೇಂದ್ರ ಛಾವಣಿ ನೋಡಿದ, ಕೈ ಜೋಡಿಸಿದ, "ಆಗಿದ್ದು" ಎಂದ. ಅಷ್ಟಕ್ಕೇ ಒಂದು ಬಿಕ್ಕಳಿಕೆ ಬಂತು. ಬಂದದ್ದಕ್ಕೆ ತಾನೇ ಬೆಚ್ಚಿದ. ಉಳಿದ ಮಾತನ್ನು ಹೇಗೋ ಹೇಳಿ ಮುಗಿಸಿದ. ಹಾಲಮ್ಮನ ಹೊಟ್ಟೆ ಕುಲುಕಿತು. ಕೊಟ್ರೇಶನಿಗೂ ನಗು ಬಂತು. ನಗು ಬಂದದ್ದು ಅವನಿಗೆ ಬೇಕಿರಲಿಲ್ಲ, ಆದರೂ ಬಂತು.

ಮಾರನೆಯ ದಿನ ಪಕ್ಕದ ಮನೆಯಾಕೆಯನ್ನು ತಾಯಿಯ ಬಳಿ ಕೂರಿಸಿ ಅವನು ಧರಣೇಂದ್ರನ ಮನೆ ಹುಡುಕಿಕೊಂಡು ಹೋದ. ಬಾಗಿಲು ತೆರೆದ ಧರಣೇಂದ್ರನ ಮುಖ ಬಿಳಿಚಿತು. ಬಗ್ಗಿ ಕಾಲು ಮುಟ್ಟಲು ಹೋದ. ಕೊಟ್ರೇಶ ತಡೆದ.

"ಬೈಯಲು ಬಂದಿದ್ದರೆ ಬೈಯಿರಿ ಅಣ್ಣ" ಎಂದ ಧರಣೇಂದ್ರ. "ನಿಮ್ಮ ಕೋಟು ತೊಟ್ಟ ರಾತ್ರಿಯಿಂದ ನನಗೆ ನೆಟ್ಟಗೆ ನಿದ್ದೆ ಇಲ್ಲ."

"ಬಿಕ್ಕಳಿಕೆ ಎಲ್ಲಿಂದ ತಂದೆ?"

"ತಂದದ್ದಲ್ಲ. ಮೊದಲ ದಿನ ಹೆದರಿಕೆಗೆ ಬಂದುಬಿಟ್ಟಿತು. ನೀವು ಎಲ್ಲೋ ಕೂತು ನೋಡುತ್ತೀರಿ ಎಂದು ಅನ್ನಿಸಿತು, ಉಸಿರು ಸಿಕ್ಕಿಕೊಂಡಿತು. ನಿರ್ದೇಶಕರು ಇರಲಿ ಎಂದರು. ಈಗಲೂ ನಿಮ್ಮನ್ನು ನೆನೆಸಿಕೊಂಡರೇ ಅದು ಸರಿಯಾಗಿ ಬರುವುದು."

ಕೊಟ್ರೇಶ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ, "ಅದನ್ನು ನನಗೆ ಕಲಿಸು" ಎಂದ. ತಾಯಿಯ ವಿಷಯ ಹೇಳಿದ.

ಧರಣೇಂದ್ರನ ಕಣ್ಣು ತುಂಬಿತು. "ನಾನೇ ಬರುತ್ತೇನೆ. ಅವರ ಮುಂದೆ ನಾನೇ ಮಾಡುತ್ತೇನೆ."

"ಬೇಡ. ಅವಳು ಕೈ ಹಿಡಿದುಕೊಳ್ಳುತ್ತಾಳೆ. ನನ್ನ ಕೈ ಅಲ್ಲ ಎಂದು ಗೊತ್ತಾಗಿಬಿಡುತ್ತದೆ."

ಇಬ್ಬರೂ ಎದುರುಬದುರು ನಿಂತರು. ಗಂಟಲಿನಿಂದ ಅಲ್ಲ ಅಣ್ಣ, ಹೊಟ್ಟೆಯಿಂದ ಎಂದು ಧರಣೇಂದ್ರ ತೋರಿಸಿದ. ಮಾತು ಮುಗಿಯುವ ಮೊದಲೇ ಉಸಿರು ಎಳೆದುಕೊಳ್ಳಬೇಕು. ಬರುತ್ತದೆ ಎಂದು ಮುಖಕ್ಕೆ ಗೊತ್ತಾಗಬಾರದು. ಕೊಟ್ರೇಶ ಮಾಡಿದ, ಬರಲಿಲ್ಲ. ಮತ್ತೆ ಮಾಡಿದ. ಮರಿಯಪ್ಪನನ್ನು ಹುಟ್ಟಿಸಿದವನು ಮರಿಯಪ್ಪನ ಮುಂದೆ ವಿದ್ಯಾರ್ಥಿಯಂತೆ ನಿಂತು ಮರಿಯಪ್ಪನನ್ನು ಕಲಿತ. ಧರಣೇಂದ್ರನಿಗೆ ಅದನ್ನು ನೋಡುವುದು ಕಷ್ಟವಾಯಿತು. ಆದರೂ ಸರಿಯಾಗಿ ಬರುವವರೆಗೆ ಅವನು ತಿದ್ದುವುದನ್ನು ಬಿಡಲಿಲ್ಲ.

ಸಂಜೆ ಕೊಟ್ರೇಶ ತಾಯಿಯ ಹಾಸಿಗೆಯ ಬಳಿ ನಿಂತ. ಛಾವಣಿ ನೋಡಿದ. ಕೈ ಜೋಡಿಸಿದ. "ಆಗಿದ್ದು" ಎಂದ. ಬಿಕ್ಕಳಿಸಿದ. ಬೆಚ್ಚಿದ.

ಹಾಲಮ್ಮ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ಅವನು ಅವಳ ಬೆನ್ನು ಸವರಿದ. ಅವಳು ಅವನ ಕೈ ಹುಡುಕಿ ಹಿಡಿದುಕೊಂಡಳು.

"ಈಗ ನೋಡು, ಈಗ ನನ್ನ ಮಗ ಬಂದ" ಎಂದಳು.

ಆ ಮಾತು ಅವನ ಎದೆಯನ್ನು ಇರಿಯಿತು. ಅಮ್ಮಾ, ಅದು ನಾನಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖದಲ್ಲಿ ನಗು ಇನ್ನೂ ಇತ್ತು. ಅವನು ಆ ಮಾತನ್ನು ನುಂಗಿದ.

ಆಮೇಲೆ ಅವಳು ಕೇಳಿದಾಗಲೆಲ್ಲ ಅವನು ಮಾಡಿದ. ಕೇಳುವುದು ಕಡಿಮೆಯಾಯಿತು. ಕೊನೆಗೆ ಕೇಳಲು ದನಿಯೂ ಉಳಿಯಲಿಲ್ಲ, ಬೆರಳು ಎತ್ತುತ್ತಿದ್ದಳು. ಒಂದು ದಿನ ಬೆಳಿಗ್ಗೆ, ಅವನು ಗಂಜಿ ಆರಿಸುತ್ತ ಕೂತಿದ್ದಾಗ, ಹಾಲಮ್ಮ ಹೋಗಿಬಿಟ್ಟಳು.

ಸುದ್ದಿ ತಿಳಿದು ಧರಣೇಂದ್ರ ಬಂದ. ಒಳಗೆ ಬರಲು ಧೈರ್ಯ ಸಾಲದೆ ಗೇಟಿನ ಹೊರಗೆ ನಿಂತ. ಬೀದಿಯ ಜನ ಅವನ ಸುತ್ತ ಸೇರಿದರು. ಮರಿಯಪ್ಪನ ತಾಯಿ ತೀರಿಕೊಂಡರಂತೆ ಎಂದು ಕೇಳಿ ಬಂದವರು ಅವರು. ಕೆಲವರು ಧರಣೇಂದ್ರನ ಕೈ ಹಿಡಿದು, ಸಮಾಧಾನ ಮಾಡಿಕೊಳ್ಳಿ, ಪುಣ್ಯಾತ್ಗಿತ್ತಿ ಎಂದರು. ಅವನು ತಲೆ ಎತ್ತಲಾರದೆ ನಿಂತಿದ್ದ. ಕೊಟ್ರೇಶ ಅದನ್ನು ಒಳಗಿನಿಂದ ಕಂಡ. ಹೊರಗೆ ಬಂದು ಜನರನ್ನು ಸರಿಸಿ ಅವನ ತೋಳು ಹಿಡಿದ.

"ನೀನೂ ಹೆಗಲು ಕೊಡು ಬಾ" ಎಂದ. "ಅವಳನ್ನು ನಗಿಸಿದವನು ನೀನೂ ಹೌದು."

ಇಬ್ಬರೂ ಹೊತ್ತರು.

ಮುಂದೆ ಒಂದೆರಡು ವರ್ಷಕ್ಕೆ ಆ ಧಾರಾವಾಹಿಯೂ ನಿಂತಿತು. ಅದೇ ಸಮಯಕ್ಕೆ ಬೇರೆ ಹಾಸ್ಯ ಬಂತು, ಜನ ಅದಕ್ಕೂ ನಕ್ಕರು. ಧರಣೇಂದ್ರ ಮತ್ತೆ ಊರೂರು ಸುತ್ತಿದ. ಕೊಟ್ರೇಶನಿಗೆ ಸಣ್ಣಪುಟ್ಟ ಪಾತ್ರಗಳು ಸಿಕ್ಕವು. ಒಮ್ಮೆ ವಕೀಲ, ಒಮ್ಮೆ ಔಷಧಿ ಅಂಗಡಿಯವನು. ಬೀದಿಯಲ್ಲಿ ಈಗ ಅವನನ್ನು ಯಾರೂ ಮರಿಯಪ್ಪ ಎಂದು ಕರೆಯುವುದಿಲ್ಲ, ಕೊಟ್ರೇಶ ಎಂದೂ ಕರೆಯುವುದಿಲ್ಲ. ಒಮ್ಮೆ ಯಾರೋ ಹಳಬರು ಸಿಕ್ಕು, ಮೊದಲು ಮಾಡುತ್ತಿದ್ದ ಹಾಗೆ ಒಂದು ಸಲ ಮಾಡಿ ಎಂದು ಬೇಡಿದರಂತೆ. ಅವನು ಕೈ ಜೋಡಿಸಿದನಂತೆ. ಮಾತಿನ ನಡುವೆ ಬಿಕ್ಕಳಿಕೆ ಬಂತು. ಬಿಕ್ಕಳಿಕೆ ಇಲ್ಲದೆ ಅವನಿಗೆ ಮತ್ತೆ ಆ ಮಾತು ಬರಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪಂಪಣ್ಣ ಕಣ್ಣು ಒರೆಸಿಕೊಂಡ. "ತಾಯಿ ಇನ್ನೊಬ್ಬನನ್ನು ಮಗ ಎಂದಳು. ಅವನು ಅದನ್ನು ಹೇಗೆ ತಡೆದುಕೊಂಡ, ಗುರುಗಳೇ?"

"ತಡೆದುಕೊಳ್ಳಲಿಲ್ಲ. ಆ ನೋವು ಅವನಿಗೆ ಇನ್ನೂ ಇದೆ" ಎಂದರು ಗುರುಗಳು. ಎದ್ದು ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿ ಕೇಳಿದರು:

"ಪಂಪಣ್ಣಾ, ನಿನ್ನೆ ಸಂಜೆ ಆ ಹೊಸಬ ಓದಿದ್ದು ಯಾವ ಭಾಗ?"

ಪಂಪಣ್ಣ ಬಾಯಿ ತೆರೆದ. ಅವನಿಗೆ ನೆನಪಿದ್ದದ್ದು ಕೂತಿದ್ದ ಜನರ ಮುಖಗಳು ಮಾತ್ರ; ಓದಿನ ಒಂದು ಸಾಲೂ ಅವನ ಕಿವಿಗೆ ಬಿದ್ದಿರಲಿಲ್ಲ.